ಸಮ್ಮೋಹನ: ಮನಸ್ಸೆಂಬ ಅಮಾನತ್ತನ್ನು ಯಾರ ಕೈಗೊಪ್ಪಿಸುತ್ತೇವೆ?

ಶಿವಮೊಗ್ಗ ನಗರದ ಅಂಚಿನಲ್ಲಿರುವ ಸೋಗಾನೆಯನ್ನು ಇಂದು ಹೊರಗಿನವರು ಎರಡು ಕಾರಣಗಳಿಗಾಗಿ ಬಲ್ಲರು. ಒಂದು, ಅಲ್ಲಿರುವ ಕೇಂದ್ರ ಕಾರಾಗೃಹ. ಇನ್ನೊಂದು, 2023ರ ಫೆಬ್ರವರಿ 27ರಂದು ಉದ್ಘಾಟನೆಗೊಂಡ, ರಾಷ್ಟ್ರಕವಿ ಕುವೆಂಪು ಅವರ ಹೆಸರು ಹೊತ್ತ ವಿಮಾನ ನಿಲ್ದಾಣ. ನನಗೆ ಮಾತ್ರ ಆ ಊರಿನ ಹೆಸರು ಕೇಳಿದಾಗ ನೆನಪಾಗುವುದು ಬಂಧುಗಳ ಮನೆಯಲ್ಲಿ ಕಳೆದ ಒಂದು ಸಂಜೆ ಮತ್ತು ಅಂದು ಒಬ್ಬ ತಂದೆ ಕೇಳಿದ ಪ್ರಶ್ನೆ.

ಆ ಮನೆಯ ಹೆಣ್ಣುಮಗಳು ದ್ವಿತೀಯ ಪಿಯುಸಿ ವಿದ್ಯಾರ್ಥಿನಿ. ಪರೀಕ್ಷೆಗೆ ಕೆಲವು ತಿಂಗಳಿರುವಾಗ ಅವಳಿಗೆ ಇದ್ದಕ್ಕಿದ್ದಂತೆ ಮೈ ನಡುಗಿ, ಕಣ್ಣು ಮುಚ್ಚಿ, ಕರೆದರೂ ಉತ್ತರಿಸಲಾಗದ ಸ್ಥಿತಿ ಬರತೊಡಗಿತು. ಮನೆಯ ಹಿರಿಯರು ಅದನ್ನು 'ಸಾಯಾ' ಎಂದರು. ಆಮಿಲರೊಬ್ಬರ ತಾವೀಝು, ಊದಿದ ನೀರು, ಹೊಗೆ ಎಲ್ಲವೂ ಆಯಿತು. ತಿಂಗಳುಗಳು ಕಳೆದವು, ಹಣವೂ ಕರಗಿತು. ಬಳಿಕ ಯಾರೋ ಒಬ್ಬರು 'ಸಮ್ಮೋಹನ ತಜ್ಞ'ರ ವಿಳಾಸ ಕೊಟ್ಟರು. ಮೂರು ಸಲ ಕರೆತಂದರೆ ಸಾಕು, ಹಿಂದಿನ ಜನ್ಮದಲ್ಲಿ ನಡೆದುದನ್ನು ಅವಳ ಬಾಯಿಂದಲೇ ಹೇಳಿಸಿ ಗುಣಪಡಿಸುತ್ತೇನೆ ಎಂದು ಆತ ಭರವಸೆಯಿತ್ತರು. ಹಿಂದಿನ ಜನ್ಮ ಎಂಬ ಮಾತು ಕಿವಿಗೆ ಬಿದ್ದೊಡನೆ ತಂದೆ ಮಗಳ ಕೈ ಹಿಡಿದು ಹೊರಬಂದರು.

ಕೊನೆಗೆ ಅವರು ಮನೋವೈದ್ಯರ ಬಳಿ ಹೋದರು. ವೈದ್ಯರು ಮೊದಲು ಇಇಜಿ ಮತ್ತಿತರ ಪರೀಕ್ಷೆಗಳನ್ನು ಮಾಡಿಸಿ ಇದು ಅಪಸ್ಮಾರವೇ ಎಂದು ಪರಿಶೀಲಿಸಿದರು. ಅಲ್ಲವೆಂದು ಖಚಿತವಾದ ಮೇಲೆ, ಹೇಳಿಕೊಳ್ಳಲಾಗದ ಭಯ ಮತ್ತು ಒತ್ತಡವು ದೇಹದ ಮೂಲಕ ಹೊರಬರುತ್ತಿದೆಯೆಂದು ವಿವರಿಸಿದರು. ಆಪ್ತ ಸಮಾಲೋಚನೆ ಆರಂಭವಾಯಿತು. ಕೆಲವು ವಾರಗಳ ನಂತರ, ಚಿಕಿತ್ಸೆಯ ಅಂಗವಾಗಿ ಮನಶ್ಶಾಸ್ತ್ರಜ್ಞೆಯೊಬ್ಬರಿಂದ ಹಿಪ್ನೋಥೆರಪಿಯನ್ನೂ ಮಾಡಿಸಬಹುದು ಎಂದು ಸೂಚಿಸಿದರು.

ಅಂದು ಸಂಜೆ ಆ ತಂದೆ ನನ್ನಲ್ಲಿ ಕೇಳಿದ್ದು ಇಷ್ಟೆ: "ಭಾಯಿ, ಮಗಳನ್ನು ಮಾಟ ಮಂತ್ರದವರ ಬಾಗಿಲಿನಿಂದ ಬಿಡಿಸಿ ತಂದೆ. ಈಗ ಡಾಕ್ಟರೇ ಹಿಪ್ನಾಟಿಸಂ ಅನ್ನುತ್ತಿದ್ದಾರೆ. ಇದೂ ಸಿಹ್ರ್ ಅಲ್ಲವೇ? ನಾಳೆ ಅಲ್ಲಾಹನ ಮುಂದೆ ನಾನು ಏನು ಉತ್ತರ ಕೊಡಲಿ?"

ಈ ಪ್ರಶ್ನೆಯನ್ನು ಹಗುರವಾಗಿ ಕಾಣುವಂತಿಲ್ಲ. ಇದರಲ್ಲಿ ಒಬ್ಬ ಹೆಣ್ಣುಮಗಳ ಆರೋಗ್ಯವೂ ಇದೆ, ಒಂದು ಕುಟುಂಬದ ಈಮಾನ್ ಕೂಡಾ ಇದೆ. ಒಂದನ್ನು ಉಳಿಸಲು ಇನ್ನೊಂದನ್ನು ಬಲಿಕೊಡಬೇಕೆಂದು ಇಸ್ಲಾಮ್ ನಮಗೆ ಕಲಿಸಿಲ್ಲ. ಆದ್ದರಿಂದ ಮೊದಲು ಸಮ್ಮೋಹನ ಎಂದರೇನು, ಅದು ಮನಸ್ಸು ಮತ್ತು ಮೆದುಳಿನ ಮೇಲೆ ಹೇಗೆ ಕೆಲಸ ಮಾಡುತ್ತದೆ ಎಂಬುದನ್ನು ತಿಳಿಯೋಣ. ವಸ್ತುವಿನ ಸ್ವರೂಪ ತಿಳಿಯದೆ ಅದರ ಕುರಿತು ತೀರ್ಪು ನೀಡುವುದು ನ್ಯಾಯವಲ್ಲ.

ಶಕ್ತಿ ಯಾರದು?

18ನೆಯ ಶತಮಾನದ ಉತ್ತರಾರ್ಧದಲ್ಲಿ ಫ್ರಾಂಜ್ ಮೆಸ್ಮರ್ ಎಂಬ ವೈದ್ಯನು ತನ್ನ ದೇಹದಿಂದ ಒಂದು ಕಾಂತ ದ್ರವವು ಹರಿದು ರೋಗಿಗಳನ್ನು ಗುಣಪಡಿಸುತ್ತದೆಯೆಂದು ಸಾರುತ್ತಿದ್ದನು. ಪ್ಯಾರಿಸ್ಸಿನ ಜನ ಅವನ ಬಾಗಿಲಲ್ಲಿ ಮುಗಿಬಿದ್ದರು. 1784ರಲ್ಲಿ ಫ್ರಾನ್ಸ್ ದೊರೆ ನೇಮಿಸಿದ ಸಮಿತಿಯೊಂದು ಈ ವಾದವನ್ನು ಪರೀಕ್ಷೆಗೊಡ್ಡಿತು. ಬೆಂಜಮಿನ್ ಫ್ರಾಂಕ್ಲಿನ್ ಮತ್ತು ರಸಾಯನ ವಿಜ್ಞಾನಿ ಲವಾಸಿಯೇ ಅದರಲ್ಲಿದ್ದರು. ಅಂತಹ ದ್ರವ ಯಾವುದೂ ಇಲ್ಲ, ಕಾಣಿಸುವ ಪರಿಣಾಮಗಳು ರೋಗಿಯ ಕಲ್ಪನೆಯಿಂದ ಉಂಟಾಗುವಂಥವು ಎಂದು ಸಮಿತಿ ನಿರ್ಣಯಿಸಿತು.

ಇದನ್ನು ಇನ್ನೂ ಸ್ಪಷ್ಟವಾಗಿ ಹೇಳಿದವನು ನಮ್ಮ ನೆರೆಯ ಗೋವಾದವನು. 1756ರಲ್ಲಿ ಕಾಂದೊಳಿಯಲ್ಲಿ ಜನಿಸಿದ ಪಾದ್ರಿ ಅಬ್ಬೆ ಫಾರಿಯಾ 1813ರಲ್ಲಿ ಪ್ಯಾರಿಸ್ಸಿನಲ್ಲಿ ಉಪನ್ಯಾಸಗಳನ್ನು ಆರಂಭಿಸಿದನು. ಸಮ್ಮೋಹನಗೊಳಿಸುವವನಲ್ಲಿ ಯಾವ ಅತಿಶಯ ಶಕ್ತಿಯೂ ಇಲ್ಲ, ಎಲ್ಲವೂ ಸಮ್ಮೋಹನಗೊಳ್ಳುವವನ ಮನಸ್ಸಿನಲ್ಲೇ ನಡೆಯುತ್ತದೆ ಎಂಬುದು ಅವನ ವಾದವಾಗಿತ್ತು. ಪಣಜಿಯಲ್ಲಿ ಇಂದಿಗೂ ಅವನ ಪ್ರತಿಮೆಯಿದೆ. ಆ ಬಳಿಕ ಮ್ಯಾಂಚೆಸ್ಟರಿನ ಶಸ್ತ್ರವೈದ್ಯ ಜೇಮ್ಸ್ ಬ್ರೇಡ್ 1843ರ ತನ್ನ ಗ್ರಂಥದಲ್ಲಿ ಇದಕ್ಕೆ ಹಿಪ್ನಾಟಿಸಂ ಎಂಬ ಹೆಸರನ್ನು ರೂಢಿಗೆ ತಂದನು. ನಿದ್ರೆ ಎಂಬರ್ಥದ ಗ್ರೀಕ್ ಪದದಿಂದ ಬಂದ ಈ ಹೆಸರು ಒಂದು ತಪ್ಪು ತಿಳಿವಳಿಕೆಗೂ ಕಾರಣವಾಯಿತು. ಸಮ್ಮೋಹನವು ನಿದ್ರೆಯಲ್ಲ. ಆ ಸ್ಥಿತಿಯಲ್ಲಿ ಮೆದುಳಿನ ವಿದ್ಯುತ್ ಅಲೆಗಳನ್ನು ದಾಖಲಿಸಿದರೆ ಎಚ್ಚರದ ಲಕ್ಷಣಗಳೇ ಕಾಣುತ್ತವೆ. ವ್ಯಕ್ತಿ ಕೇಳುತ್ತಿರುತ್ತಾನೆ, ಅರಿಯುತ್ತಿರುತ್ತಾನೆ, ಬೇಡವೆನಿಸಿದರೆ ಕಣ್ಣು ತೆರೆಯಬಲ್ಲನು.

ಭಾರತದಲ್ಲಿಯೂ ಇದರ ಪ್ರಯೋಗ ಹೊಸತಲ್ಲ. 1845ರಲ್ಲಿ ಬಂಗಾಳದ ಹೂಗ್ಲಿಯಲ್ಲಿ ಶಸ್ತ್ರವೈದ್ಯ ಜೇಮ್ಸ್ ಎಸ್ಡೇಲ್ ಕೈದಿಯೊಬ್ಬನಿಗೆ ಈ ವಿಧಾನದಿಂದಲೇ ನೋವು ತಗ್ಗಿಸಿ ಶಸ್ತ್ರಕ್ರಿಯೆ ನಡೆಸಿದನು. ಆಗಿನ್ನೂ ಅರಿವಳಿಕೆ ಔಷಧಿಗಳಿರಲಿಲ್ಲ. ಈಥರ್ ಮತ್ತು ಕ್ಲೋರೋಫಾರ್ಮ್ ಬಂದ ಮೇಲೆ ಅವನ ವಿಧಾನ ಮೂಲೆಗೆ ಸರಿಯಿತು. ಆದರೂ ಬೆಲ್ಜಿಯಂನ ಲಿಯೇಜ್ ನಗರದ ಆಸ್ಪತ್ರೆಯಲ್ಲಿ 1992ರಿಂದ ಸಾವಿರಾರು ರೋಗಿಗಳಿಗೆ ಸ್ಥಳೀಯ ಅರಿವಳಿಕೆಯೊಂದಿಗೆ ಸಮ್ಮೋಹನವನ್ನು ಸೇರಿಸಿ ಶಸ್ತ್ರಕ್ರಿಯೆಗಳನ್ನು ನಡೆಸಲಾಗಿದೆ.

ಮೆದುಳಿನಲ್ಲಿ ಆಗುವುದೇನು?

ನೀವು ಯಾವುದೋ ಪುಸ್ತಕದಲ್ಲಿ ಮುಳುಗಿರುವಾಗ ಅಡುಗೆಮನೆಯಿಂದ ಕರೆದದ್ದು ಕೇಳಿಸದೆ ಹೋದ ಅನುಭವ ನಿಮಗಿರಬಹುದು. ಭದ್ರಾವತಿಯಿಂದ ಶಿವಮೊಗ್ಗದವರೆಗೆ ಬೈಕ್ ಓಡಿಸಿ, ದಾರಿಯಲ್ಲಿ ಕಂಡದ್ದೇನೂ ನೆನಪಿಲ್ಲದಿರಬಹುದು. ಸಮ್ಮೋಹನವು ಈ ಸಹಜ ತನ್ಮಯತೆಯದೇ ಇನ್ನಷ್ಟು ಗಾಢವಾದ ರೂಪ. ಚಿಕಿತ್ಸಕರು ಶಾಂತ ಸ್ವರದಲ್ಲಿ ಗಮನವನ್ನು ಉಸಿರಿನ ಮೇಲೆ, ಒಂದು ಚಿತ್ರದ ಮೇಲೆ ಅಥವಾ ಒಂದು ಮಾತಿನ ಮೇಲೆ ನಿಲ್ಲಿಸುತ್ತಾರೆ. ಗಮನ ಕಿರಿದಾದಂತೆ ಸುತ್ತಲಿನ ಸದ್ದು ಹಿಂದೆ ಸರಿಯುತ್ತದೆ. ಆಗ ನೀಡುವ ಸೂಚನೆಯನ್ನು ಮನಸ್ಸು ಎಂದಿನ ಜಗಳವಿಲ್ಲದೆ ಸ್ವೀಕರಿಸುತ್ತದೆ.

1997ರಲ್ಲಿ ಕೆನಡಾದ ಮಾಂಟ್ರಿಯಲ್‌ನ ವಿಜ್ಞಾನಿಗಳು ಒಂದು ಪ್ರಯೋಗವನ್ನು ಪ್ರಕಟಿಸಿದರು. ಸಮ್ಮೋಹನಗೊಂಡವರ ಕೈಯನ್ನು ನೋವುಂಟುಮಾಡುವಷ್ಟು ಬಿಸಿಯಾದ ನೀರಿನಲ್ಲಿ ಇರಿಸಿ, ಈ ನೋವು ಅಷ್ಟೇನೂ ಅಹಿತಕರವಲ್ಲ ಎಂಬ ಸೂಚನೆ ನೀಡಲಾಯಿತು. ಬಿಸಿಯ ಸಂವೇದನೆಯನ್ನು ಗ್ರಹಿಸುವ ಮೆದುಳಿನ ಭಾಗ ಎಂದಿನಂತೆಯೇ ಕೆಲಸ ಮಾಡುತ್ತಿತ್ತು. ಆದರೆ ಆ ನೋವಿನಿಂದಾಗುವ ಸಂಕಟಕ್ಕೆ ಸಂಬಂಧಿಸಿದ ಆಂಟೀರಿಯರ್ ಸಿಂಗ್ಯುಲೇಟ್ ಕಾರ್ಟೆಕ್ಸ್ ಎಂಬ ಭಾಗದ ಚಟುವಟಿಕೆ ಬದಲಾಗಿತ್ತು. ಅಂದರೆ ರೋಗಿ ನಟಿಸುತ್ತಿರಲಿಲ್ಲ, ವೈದ್ಯನನ್ನು ಮೆಚ್ಚಿಸಲು ಸುಳ್ಳು ಹೇಳುತ್ತಲೂ ಇರಲಿಲ್ಲ. ನೋವು ಬೇರೆ, ನೋವಿನ ಸಂಕಟ ಬೇರೆ. ಎರಡನೆಯದನ್ನು ಮಾತು ಮುಟ್ಟಬಲ್ಲದು.

2016ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ತಂಡವು 545 ಮಂದಿಯನ್ನು ಪರೀಕ್ಷಿಸಿ, ಸಮ್ಮೋಹನಕ್ಕೆ ಸುಲಭವಾಗಿ ಒಳಗಾಗುವ 36 ಮಂದಿಯನ್ನೂ ಅದಕ್ಕೆ ಒಳಗಾಗದ 21 ಮಂದಿಯನ್ನೂ ಆರಿಸಿ ಅವರ ಮೆದುಳಿನ ಸ್ಕ್ಯಾನ್ ನಡೆಸಿತು. ಸುಲಭವಾಗಿ ಒಳಗಾಗುವವರಲ್ಲಿ ಮೂರು ಬದಲಾವಣೆಗಳು ಕಂಡವು. ಅದು ಸರಿಯೇ, ಇದು ಸರಿಯೇ ಎಂದು ಸದಾ ಎಚ್ಚರಿಸುವ ಭಾಗದ ಚಟುವಟಿಕೆ ತಗ್ಗಿತ್ತು. ಯೋಜನೆ ರೂಪಿಸುವ ಭಾಗಕ್ಕೂ ದೇಹದ ಒಳಸ್ಥಿತಿಯನ್ನು ಅರಿಯುವ ಭಾಗಕ್ಕೂ ಇರುವ ಸಂಪರ್ಕ ಹೆಚ್ಚಿತ್ತು. ತನ್ನ ಕುರಿತೇ ಚಿಂತಿಸುವಾಗ ಸಕ್ರಿಯವಾಗುವ ಜಾಲದೊಂದಿಗಿನ ಸಂಪರ್ಕ ಸಡಿಲವಾಗಿತ್ತು. ಎಲ್ಲರೂ ಸಮಾನವಾಗಿ ಸಮ್ಮೋಹನಕ್ಕೆ ಒಳಗಾಗುವುದಿಲ್ಲ ಎಂಬುದೂ ಇಲ್ಲಿ ಗಮನಾರ್ಹ. ಸಮ್ಮೋಹನಕಾರನಲ್ಲಿ ಮಂತ್ರಶಕ್ತಿಯಿದ್ದಿದ್ದರೆ ಅದು ಎಲ್ಲರ ಮೇಲೂ ನಡೆಯಬೇಕಿತ್ತು.

ಈ ಅರಿವು ಮುಸ್ಲಿಮ್ ವಿದ್ವಾಂಸರಿಗೂ ಅಪರಿಚಿತವಾಗಿರಲಿಲ್ಲ. ನೆಲದ ಮೇಲಿರಿಸಿದ ಹಲಗೆಯ ಮೇಲೆ ಸಲೀಸಾಗಿ ನಡೆಯುವವನು ಅದೇ ಹಲಗೆಯನ್ನು ಆಳದ ಕಂದರದ ಮೇಲಿಟ್ಟರೆ ತೆವಳಲೂ ಹೆದರುತ್ತಾನೆಂಬ ಉದಾಹರಣೆಯನ್ನು ಇಬ್ನ್ ಸೀನಾ 11ನೆಯ ಶತಮಾನದಲ್ಲಿ ನೀಡಿದ್ದರು. ಹಲಗೆ ಬದಲಾಗಿಲ್ಲ, ಕಾಲೂ ಬದಲಾಗಿಲ್ಲ, ಬದಲಾದದ್ದು ಮನಸ್ಸಿನೊಳಗಿನ ಚಿತ್ರ. ಅವರಿಗಿಂತಲೂ ಮೊದಲು ಅಬೂ ಝೈದ್ ಅಲ್ ಬಲ್ಖೀ ದೇಹದ ಆರೋಗ್ಯದ ಜೊತೆಗೆ ಆತ್ಮದ ಆರೋಗ್ಯವನ್ನೂ ಸೇರಿಸಿ ಗ್ರಂಥ ರಚಿಸಿದ್ದರು. ಕಷ್ಟಕಾಲಕ್ಕೆಂದು ಮನೆಯಲ್ಲಿ ಮದ್ದು ಇರಿಸಿಕೊಳ್ಳುವಂತೆ ಹಿತವಾದ ಆಲೋಚನೆಗಳನ್ನೂ ಸಿದ್ಧವಾಗಿರಿಸಿಕೊಳ್ಳಬೇಕೆಂಬುದು ಅವರ ಸಲಹೆ.

ಇದು ಸಿಹ್ರ್ ಆಗುವುದೇ?

ಸಮ್ಮೋಹನವನ್ನು ಜಿನ್ನ್‌ಗಳ ನೆರವಿನಿಂದ ನಡೆಯುವ ವಿದ್ಯೆಯೆಂದು ಪರಿಗಣಿಸಿ ಅದನ್ನು ನಿಷಿದ್ಧವೆಂದ ವಿದ್ವಾಂಸರಿದ್ದಾರೆ. ಅವರ ಕಳಕಳಿಯನ್ನು ನಾವು ಗೌರವಿಸಬೇಕು. ಅಗೋಚರ ಜ್ಞಾನ ತನಗಿದೆಯೆಂದು ಹೇಳುವವನ ಬಳಿ ಹೋಗಿ ವಿಚಾರಿಸುವವನ ನಲ್ವತ್ತು ದಿನಗಳ ನಮಾಝ್ ಸ್ವೀಕೃತವಾಗದೆಂದು ಪ್ರವಾದಿ ಮುಹಮ್ಮದ್(ಸ) ಎಚ್ಚರಿಸಿದ್ದಾರೆ (ಮುಸ್ಲಿಮ್). ಆದರೆ ಯಾವುದೇ ವಿಧಿಯು ವಸ್ತುಸ್ಥಿತಿಯನ್ನು ಅವಲಂಬಿಸಿರುತ್ತದೆ. ಜಿನ್ನ್‌ಗಳನ್ನು ಕರೆಯುವುದು, ಅಗೋಚರವನ್ನು ಹೇಳುವುದು, ಅಲ್ಲಾಹನ ಹೊರತು ಇತರರಲ್ಲಿ ಬೇಡುವುದು, ಇವು ಇದ್ದಲ್ಲಿ ಅದು ನಿಷಿದ್ಧವೇ ಸರಿ. ಅದಕ್ಕೆ ಯಾವ ಆಂಗ್ಲ ಹೆಸರನ್ನಿಟ್ಟರೂ ಅಷ್ಟೆ. ಇವು ಯಾವುದೂ ಇಲ್ಲದೆ, ರೋಗಿಯ ಸಮ್ಮತಿಯಿಂದ, ಅರ್ಹ ವೈದ್ಯರು ಗಮನ ಮತ್ತು ಮಾತಿನಿಂದ ನೋವನ್ನೋ ಭಯವನ್ನೋ ತಗ್ಗಿಸುವುದಾದರೆ ಅದು ಚಿಕಿತ್ಸೆಯ ವರ್ಗಕ್ಕೆ ಸೇರಬೇಕೆಂಬುದು ನನ್ನ ವಿನಮ್ರ ಅಭಿಪ್ರಾಯ. ಮದ್ದಿಲ್ಲದ ರೋಗವನ್ನು ಅಲ್ಲಾಹನು ಇಳಿಸಿಲ್ಲವೆಂಬ ಪ್ರವಾದಿವಚನ (ಬುಖಾರಿ) ನಮ್ಮನ್ನು ಅರಸುವಂತೆ ಪ್ರೇರೇಪಿಸುತ್ತದೆ, ಹೆದರಿ ಕೂರುವಂತೆ ಅಲ್ಲ. ಸಂದೇಹವಿರುವವರು ತಾವು ನಂಬುವ ವಿದ್ವಾಂಸರಲ್ಲಿ, ಚಿಕಿತ್ಸೆಯ ಸ್ವರೂಪವನ್ನು ಪೂರ್ಣವಾಗಿ ವಿವರಿಸಿ ಕೇಳಲಿ.

ಪವಿತ್ರ ಕುರ್‌ಆನ್ ಈ ವಿಷಯದಲ್ಲಿ ನಮಗೆ ಆಳವಾದ ದಿಗ್ದರ್ಶನ ನೀಡುತ್ತದೆ. ಫಿರ್‌ಔನನ ಜಾದುಗಾರರು ಜನರ ಕಣ್ಣುಗಳಿಗೆ ಮೋಡಿ ಮಾಡಿ ಅವರನ್ನು ಭಯಗೊಳಿಸಿದರೆಂದೂ (7:116), ಅವರ ಹಗ್ಗ ಮತ್ತು ಕೋಲುಗಳು ಓಡುತ್ತಿರುವಂತೆ ಮೂಸಾರಿಗೆ(ಅ) ಭಾಸವಾಯಿತೆಂದೂ (20:66) ಅದು ತಿಳಿಸುತ್ತದೆ. ಹಗ್ಗ ಹಗ್ಗವಾಗಿಯೇ ಇತ್ತು. ಭಯವೇ ಅವರ ಬಂಡವಾಳವಾಗಿತ್ತು. ಇನ್ನೊಂದು ಕಡೆ, ಅಂತಿಮ ದಿನದಂದು ಸೈತಾನನು ತನ್ನ ಹಿಂಬಾಲಕರೊಡನೆ, ತನಗೆ ಅವರ ಮೇಲೆ ಯಾವ ಅಧಿಕಾರವೂ ಇರಲಿಲ್ಲ, ತಾನು ಕರೆದೆ, ಅವರು ಓಗೊಟ್ಟರು, ಆದ್ದರಿಂದ ತಮ್ಮನ್ನೇ ದೂಷಿಸಿಕೊಳ್ಳಲಿ ಎನ್ನುವುದನ್ನು ಅದು ಚಿತ್ರಿಸುತ್ತದೆ (14:22). ಮನುಷ್ಯನ ಬಹಿರಂಗ ಶತ್ರುವಿಗೇ ಕರೆಯುವುದರಾಚೆಗೆ ಅಧಿಕಾರ ಇಲ್ಲವೆಂದಾದರೆ, ಒಬ್ಬ ಸಮ್ಮೋಹನಕಾರನಿಗೆ ಎಲ್ಲಿಂದ ಬರಬೇಕು? ಅವನೂ ಕರೆಯುತ್ತಾನೆ. ಓಗೊಡುವುದು ನಾವು. ಕಿವಿ, ಕಣ್ಣು ಮತ್ತು ಹೃದಯ ಎಲ್ಲವೂ ವಿಚಾರಣೆಗೊಳಗಾಗಲಿವೆಯೆಂದು (17:36) ನಾವು ನಂಬಿರುವಾಗ, ಯಾರ ಕರೆಗೆ ಓಗೊಡಬೇಕೆಂಬುದು ನಮ್ಮ ಹೊಣೆ. ಮನಸ್ಸು ಅಲ್ಲಾಹನು ನಮ್ಮಲ್ಲಿ ಕಾಪಿಡಲು ಕೊಟ್ಟ ಅಮಾನತ್. ಅದನ್ನು ಯಾರಿಗಾದರೂ ತೆರೆದುಕೊಡುವ ಮುನ್ನ ಅವನು ಯಾರೆಂದು ತಿಳಿಯಬೇಡವೇ?

ಅಪಾಯ ಎಲ್ಲಿದೆ?

ಸಮ್ಮೋಹನದ ನಿಜವಾದ ಅಪಾಯವಿರುವುದು ವಶೀಕರಣದಲ್ಲಿ ಅಲ್ಲ, ಸುಳ್ಳು ನೆನಪಿನಲ್ಲಿ. ಆ ಸ್ಥಿತಿಯಲ್ಲಿ ಕಲ್ಪನೆ ಚುರುಕಾಗಿರುತ್ತದೆ, ಅನುಮಾನ ತಗ್ಗಿರುತ್ತದೆ. ಹಿಂದಿನ ಜನ್ಮದಲ್ಲಿ ನೀನು ಯಾರಾಗಿದ್ದೆ ಎಂದು ಕೇಳಿದರೆ ಮನಸ್ಸು ಒಂದು ಕಥೆಯನ್ನು ಹೆಣೆದು ಕೊಡುತ್ತದೆ. ಹೇಳುವವರಿಗೇ ಅದು ನಿಜವಾದ ನೆನಪೆಂದು ತೋರುತ್ತದೆ. ಮರಣಾನಂತರ ಪುನರುತ್ಥಾನದ ದಿನದವರೆಗೆ ಬರ್ಝಖ್ ಇದೆಯೆಂದು (23:100) ನಂಬುವ ನಮಗೆ ಪೂರ್ವಜನ್ಮದ ಮಾತು ವಿಶ್ವಾಸಕ್ಕೆ ವಿರುದ್ಧ. ವೈದ್ಯಶಾಸ್ತ್ರದ ದೃಷ್ಟಿಯಿಂದಲೂ ಅದಕ್ಕೆ ಆಧಾರವಿಲ್ಲ. ಅದಕ್ಕಿಂತ ಕ್ರೂರವಾದುದು, ಯಾರು ನಿನಗೆ ಮಾಟ ಮಾಡಿಸಿದರು ಎಂಬ ಪ್ರಶ್ನೆ. ಉತ್ತರವಾಗಿ ಒಬ್ಬ ಅತ್ತೆಯ, ಒಬ್ಬ ನಾದಿನಿಯ, ಒಬ್ಬ ನೆರೆಮನೆಯವರ ಹೆಸರು ಬರುತ್ತದೆ. ಅಲ್ಲಿಗೆ ಒಂದು ಕುಟುಂಬ ಒಡೆಯುತ್ತದೆ. ಇದನ್ನು ಆಮಿಲನೂ ಮಾಡುತ್ತಾನೆ, ಅರೆಬರೆ ಕಲಿತ ಸಮ್ಮೋಹನಕಾರನೂ ಮಾಡುತ್ತಾನೆ.

ಮನಸ್ಸು ಬಲವಂತವಾಗಿ ತೆರೆದು ಸತ್ಯವನ್ನು ಹೊರತೆಗೆಯಬಹುದಾದ ಪೆಟ್ಟಿಗೆಯಲ್ಲ ಎಂಬುದನ್ನು ನಮ್ಮ ರಾಜ್ಯದಿಂದಲೇ ಹೋದ ಒಂದು ಪ್ರಕರಣ ದೇಶಕ್ಕೆ ನೆನಪಿಸಿತು. ಆರೋಪಿಗಳಿಗೆ ಔಷಧಿ ಚುಚ್ಚಿ ಅರೆಪ್ರಜ್ಞೆಗೆ ತಂದು ಪ್ರಶ್ನಿಸುವ ಮಂಪರು ಪರೀಕ್ಷೆ ಒಂದು ಕಾಲದಲ್ಲಿ ಬೆಂಗಳೂರಿನಲ್ಲಿ ಹೆಸರುವಾಸಿಯಾಗಿತ್ತು. ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ ಪ್ರಕರಣದಲ್ಲಿ 2010ರ ಮೇ 5ರಂದು ಸುಪ್ರೀಮ್ ಕೋರ್ಟ್, ವ್ಯಕ್ತಿಯ ಸಮ್ಮತಿಯಿಲ್ಲದೆ ಮಂಪರು ಪರೀಕ್ಷೆ, ಸುಳ್ಳುಪತ್ತೆ ಪರೀಕ್ಷೆ ಅಥವಾ ಬ್ರೈನ್ ಮ್ಯಾಪಿಂಗ್ ನಡೆಸುವಂತಿಲ್ಲವೆಂದು ತೀರ್ಪಿತ್ತಿತು. ಅದು ಸಮ್ಮೋಹನವಲ್ಲದಿದ್ದರೂ ನ್ಯಾಯ ಒಂದೇ. ಸೋಗಾನೆಯ ಜೈಲಿನಲ್ಲಿರುವ ಒಬ್ಬ ಆರೋಪಿಯ ಮನಸ್ಸಿಗೇ ಕಾನೂನು ಇಷ್ಟು ಗೌರವ ನೀಡುವುದಾದರೆ, ಅದೇ ಊರಿನ ಮನೆಯೊಂದರ ಹೆಣ್ಣುಮಗಳ ಮನಸ್ಸನ್ನು ಆಕೆಯ ಒಪ್ಪಿಗೆ ಕೇಳದೆ ಕಂಡಕಂಡವರ ಮುಂದೆ ಕೂರಿಸುವ ಹಕ್ಕು ನಮಗೆ ಯಾರು ಕೊಟ್ಟರು?

ಜಿನ್ನ್‌ಗಳ ಅಸ್ತಿತ್ವ ನಮ್ಮ ವಿಶ್ವಾಸದ ಭಾಗ. ಕುರ್‌ಆನ್ ಪಠಿಸಿ ಅಲ್ಲಾಹನಲ್ಲಿ ಶಮನ ಬೇಡುವುದು ಪ್ರವಾದಿಚರ್ಯೆಯಲ್ಲಿದೆ. ಅದನ್ನು ತಾಯಿಯೇ ಮಗಳ ತಲೆಯ ಮೇಲೆ ಕೈಯಿರಿಸಿ ಮಾಡಬಹುದು. ಅದಕ್ಕೆ ದರಪಟ್ಟಿ ಬೇಕಿಲ್ಲ. ಆದರೆ ಪ್ರತಿ ನಡುಕವನ್ನೂ ಜಿನ್ನ್ ಎನ್ನುವುದು ಈಮಾನ್ ಅಲ್ಲ. ಹುಡುಗಿಗೆ ಅಪಸ್ಮಾರವಿದ್ದು ನಾವು ಹೊಗೆ ಹಾಕುತ್ತ ಕುಳಿತರೆ ಅವಳ ಪ್ರಾಣಕ್ಕೇ ಅಪಾಯ. ದೆವ್ವ ಬಿಡಿಸುವ ನೆಪದಲ್ಲಿ ಹಿಂಸಿಸುವುದು ಕರ್ನಾಟಕದ 2017ರ ಅಮಾನವೀಯ ದುಷ್ಟ ಪದ್ಧತಿಗಳು ಮತ್ತು ವಾಮಾಚಾರ ತಡೆ ಕಾಯ್ದೆಯನ್ವಯ ಅಪರಾಧವೂ ಹೌದು.

ನಾವು ಏನು ಮಾಡಬೇಕು?

ವೈದ್ಯನೆಂದು ಹೆಸರಾಗದೆ ಚಿಕಿತ್ಸೆಗಿಳಿದವನು ಅದರ ಹಾನಿಗೆ ಹೊಣೆಗಾರನೆಂದು ಪ್ರವಾದಿ(ಸ) ಹೇಳಿದ್ದಾರೆ (ಅಬೂದಾವೂದ್). ಹಾಗಾದರೆ ಅರ್ಹತೆಯನ್ನು ಕೇಳುವುದು ಅವಿಶ್ವಾಸವಲ್ಲ, ಸುನ್ನತ್ತಿನ ಆಶಯ. ಹಿಪ್ನೋಥೆರಪಿಸ್ಟ್ ಎಂಬ ಫಲಕವನ್ನು ಯಾರೂ ನೇತುಹಾಕಬಹುದು. ಅವರು ವೈದ್ಯಕೀಯ ಪರಿಷತ್ತಿನಲ್ಲಿ ನೋಂದಾಯಿತ ಮನೋವೈದ್ಯರೇ ಅಥವಾ ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ನೋಂದಾಯಿತ ಚಿಕಿತ್ಸಾ ಮನಶ್ಶಾಸ್ತ್ರಜ್ಞರೇ ಎಂದು ಕೇಳಿರಿ. ಮೊದಲು ರೋಗನಿರ್ಣಯವಾಗಲಿ, ಆಮೇಲೆ ಚಿಕಿತ್ಸೆ. ಕರುಳಿನ ತೊಂದರೆ, ದೀರ್ಘಕಾಲದ ನೋವು, ಆತಂಕ ಇವುಗಳಲ್ಲಿ ಹಿಪ್ನೋಥೆರಪಿ ನೆರವಾಗಬಹುದು. ಭ್ರಮೆಗಳಿಂದ ಕೂಡಿದ ತೀವ್ರ ಮನೋರೋಗಕ್ಕೆ ಅದು ಔಷಧಿಯ ಬದಲಿಯಲ್ಲ. ಹೆಣ್ಣುಮಕ್ಕಳಿಗೆ ಮಹಿಳಾ ಚಿಕಿತ್ಸಕರನ್ನು ಕೇಳಿರಿ. ತಾಯಿಯೋ ಅಕ್ಕನೋ ಜೊತೆಯಲ್ಲಿರಲಿ. ಪೂರ್ವಜನ್ಮ, ಗ್ರಹಚಾರ, ಮಾಟ ಮಾಡಿಸಿದವರ ಹೆಸರು ಇವುಗಳ ಮಾತು ಬಂದೊಡನೆ ಎದ್ದು ಬನ್ನಿರಿ. ಎಲ್ಲಿಗೆ ಹೋಗಬೇಕೆಂದು ತಿಳಿಯದಿದ್ದರೆ 14416 ಸಂಖ್ಯೆಯ ಟೆಲಿ ಮಾನಸ್ ಸಹಾಯವಾಣಿಗೆ ಉಚಿತವಾಗಿ ಕರೆ ಮಾಡಬಹುದು. ಬೆಂಗಳೂರಿನ ನಿಮ್ಹಾನ್ಸ್ ಅದರ ಮಾರ್ಗದರ್ಶಕ ಸಂಸ್ಥೆ.

ಶಿವಮೊಗ್ಗಕ್ಕೆ ಈ ವಿಷಯದಲ್ಲಿ ಒಂದು ಪರಂಪರೆಯೂ ಇದೆ. 2016ರಲ್ಲಿ ನಿಧನರಾದ ಮನೋವೈದ್ಯ ಡಾ. ಅಶೋಕ್ ಪೈ ಈ ನಗರದಲ್ಲಿದ್ದುಕೊಂಡೇ ಬರಹ ಮತ್ತು ಚಲನಚಿತ್ರಗಳ ಮೂಲಕ ಮನಸ್ಸಿನ ಕಾಯಿಲೆಗಳ ಬಗ್ಗೆ ಕನ್ನಡಿಗರೊಡನೆ ಮಾತನಾಡಿದರು. ನಮ್ಮ ಮಸೀದಿಗಳ ಮಿಂಬರ್‌ಗಳಿಂದಲೂ ವರ್ಷಕ್ಕೊಮ್ಮೆಯಾದರೂ ಈ ಮಾತು ಬಂದರೆ, ಎಷ್ಟೋ ಮನೆಗಳ ಬಾಗಿಲ ಹಿಂದಿನ ನರಳಾಟಕ್ಕೆ ದಾರಿ ತೋರಿದಂತಾದೀತು.

ಸೋಗಾನೆಯ ಆ ತಂದೆಗೆ ನಾನು ಅಂದು ಹೇಳಿದ್ದು ಇಷ್ಟೆ: ಮೊದಲು ಮಗಳನ್ನು ಕೇಳಿ. ಇಷ್ಟು ತಿಂಗಳಲ್ಲಿ ಯಾರೂ ಅವಳನ್ನು ಕೇಳಿರಲಿಲ್ಲ. ಅವಳು ಒಪ್ಪಿದಳು, ಅಮ್ಮ ಜೊತೆಗಿರಬೇಕೆಂದಳು. ಕೆಲವು ಭೇಟಿಗಳಾದವು. ನಡುಕ ಬರುವ ಮುನ್ನವೇ ಅದರ ಸುಳಿವನ್ನು ಗುರುತಿಸಿ ಉಸಿರನ್ನು ನಿಧಾನಗೊಳಿಸಲು ಅವಳು ಕಲಿತಳು. ತೊಂದರೆ ಪೂರ್ತಿಯಾಗಿ ನಿಂತಿದೆಯೆಂದು ಹೇಳಲಾರೆ; ಅಪರೂಪವಾಗಿದೆ. ಆ ವರ್ಷ ಪರೀಕ್ಷೆ ತಪ್ಪಿತು, ಮರುವರ್ಷ ಬರೆದಳು. ಈಗ ಅವಳಿಗೆ ಹಾಗಾದರೆ ಮನೆಯಲ್ಲಿ ಯಾರೂ ಬೆದರಿ ಓಡುವುದಿಲ್ಲ. ಅಜ್ಜಿ ಪಕ್ಕದಲ್ಲಿ ಕುಳಿತು ಅವಳ ಕೈ ಹಿಡಿದು ಮೆಲ್ಲನೆ ಸೂರಃ ಅನ್ನಾಸ್ ಪಠಿಸುತ್ತಾರೆ.

ಹೃದಯಗಳಿಗೆ ನಿಜವಾದ ನೆಮ್ಮದಿ ಸಿಗುವುದು ಅಲ್ಲಾಹನ ಸ್ಮರಣೆಯಿಂದ (13:28) ಎಂಬುದು ನಮ್ಮ ವಿಶ್ವಾಸ. ವೈದ್ಯರ ಮಾತು ಅದಕ್ಕೆ ಎದುರಾಳಿಯಲ್ಲ, ಅವನೇ ಒದಗಿಸಿದ ಒಂದು ನಿಮಿತ್ತ. ನಮ್ಮ ಮತ್ತು ನಮ್ಮ ಮಕ್ಕಳ ಮನಸ್ಸೆಂಬ ಅಮಾನತ್ತನ್ನು ವಿವೇಕದಿಂದ ಕಾಪಾಡುವ ತೌಫೀಕನ್ನು ಅಲ್ಲಾಹನು ನಮಗೆಲ್ಲರಿಗೂ ಕರುಣಿಸಲಿ. ಆಮೀನ್.